ಚಿಮಣಿ ಇಟ್ಟಿಗೆ ಮೇಲೆ ಕಲೆಯೇ? ಉಜ್ಜೋ ಮೊದಲು ಕಾರಣ ಹುಡುಕಿ



ಗೂಳೂರಿನ ನಮ್ಮ ತೋಟದಲ್ಲಿ ಅಡಿಕೆ ಬೇಯಿಸೋ ಹಂಡೆ ಒಲೆಗೆ ಇಟ್ಟಿಗೆ ಚಿಮಣಿ ಇದೆ. ಎರಡು ವರ್ಷದ ಹಿಂದೆ, ದೀಪಾವಳಿ ಹೊತ್ತಿಗೆ, ಅದರ ಹೊರಮೈ ಮೇಲೆ ಕಂದು ಗೆರೆಗಳು ಇಳಿದಿದ್ದವು. ನೋಡೋಕೆ ಚೆನ್ನಾಗಿರಲಿ ಅಂತ ಟಾಯ್ಲೆಟ್ ತೊಳೆಯೋ ಆಸಿಡ್ ಸುರಿದು ಉಜ್ಜಿದೆ. ಕಲೆ ಮಸುಕಾಯ್ತು. ಹದಿನೈದೇ ದಿನಕ್ಕೆ ಮತ್ತೆ ಬಂತು, ಜೊತೆಗೆ ಸಂದಿನ ಗಾರೆಯೂ ಉದುರತೊಡಗಿತು. ಒಂದು ರಾತ್ರಿ ಅದೇ ಸಂದಿನಿಂದ ಕಿಡಿ ಹಾರಿ ಪಕ್ಕದ ಸೋಗೆ ಚಪ್ಪರ ಹೊತ್ತಿಕೊಂಡಿತು. ಅಪ್ಪ ಎಚ್ಚರ ಇದ್ದರು, ತೊಟ್ಟಿ ನೀರು ಎರಚಿ ಆರಿಸಿದರು. ಚಿಮಣಿ ಸೋರ್ತಿದೆ ಅಂತ ಆ ಕಲೆ ಹೇಳ್ತಿತ್ತು, ನಾನು ಅದನ್ನೇ ಅಳಿಸೋಕೆ ಹೋಗಿದ್ದೆ.

ಅದಕ್ಕೇ ಮೊದಲು ಬಣ್ಣ ನೋಡಿ.

1. ಬಿಳಿ ಪುಡಿ: ಇಟ್ಟಿಗೆ, ಗಾರೆಯೊಳಗಿನ ಲವಣ ತೇವದ ಜೊತೆ ಹೊರಬಂದು ಒಣಗಿರುತ್ತೆ. ನೀರು ಚಿಮುಕಿಸಿದರೆ ಮಾಯ, ಒಣಗಿದರೆ ಮತ್ತೆ ಕಾಣುತ್ತೆ. ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ. ನೀರು ಸುರಿದರೆ ಲವಣ ಕರಗಿ ವಾಪಸ್ ಒಳಗೇ ಹೋಗುತ್ತೆ. ಮಳೆನೀರು ಎಲ್ಲಿಂದ ಇಳಿಯುತ್ತಿದೆ ಅಂತ ಚಿಮಣಿ ತುದಿ ನೋಡಿ.

2. ಹಸಿರು ಪಾಚಿ: ಬಿಸಿಲು ಬೀಳದ, ತೇವ ನಿಲ್ಲುವ ಕಡೆ ಬರುತ್ತೆ. 10 ಲೀಟರ್ ನೀರಿಗೆ 100 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆಯಿರಿ. ಗಿಡದ ಬುಡಕ್ಕೆ ಹರಿಯಬಾರದು. ನೆರಳು ಕೊಡುವ ಕೊಂಬೆ ಕಡಿಯಿರಿ.

3. ತುದಿಯಲ್ಲಿ ಕಪ್ಪು ಮಸಿ: ಹೊಗೆ ತಾಗಿದ್ದು, ಭಯವಿಲ್ಲ. ಬಿಸಿನೀರು, ಸೋಪಿನ ಪುಡಿ, ನೈಲಾನ್ ಬ್ರಷ್ ಸಾಕು. ತಂತಿ ಬ್ರಷ್ ಬೇಡ, ಅದರ ಚೂರು ಉಳಿದು ತುಕ್ಕಿನ ಕಲೆ ಮಾಡುತ್ತೆ.

4. ಸಂದಿನಿಂದ ಇಳಿಯೋ ಕಂದು ಜಿಡ್ಡು: ಇದೇ ಅಪಾಯ. ಹಸಿ ಸೌದೆ, ಒದ್ದೆ ಮಟ್ಟೆ ಉರಿಸಿದರೆ ಹೊಗೆ ತಣ್ಣಗಾಗಿ ಒಳಗೆ ಜಿಡ್ಡು ಕಟ್ಟುತ್ತೆ, ಬಿರುಕು ಸಿಕ್ಕಲ್ಲಿ ಹೊರಬರುತ್ತೆ. ಆ ಜಿಡ್ಡಿಗೆ ಬೆಂಕಿ ತಗಲಿದರೆ ಚಿಮಣಿಯೇ ಹೊತ್ತಿ ಉರಿಯುತ್ತೆ. ಗಾಳಿಯಿಲ್ಲದ ಹೊತ್ತು ಒಲೆಯಲ್ಲಿ ಸ್ವಲ್ಪ ಹೊಗೆ ಎಬ್ಬಿಸಿ ನಾಲ್ಕೂ ಕಡೆ ನೋಡಿದರೆ ಸೋರುವ ಸಂದು ಸಿಗುತ್ತೆ. ಒಲೆ ಪೂರ್ತಿ ತಣ್ಣಗಾದ ಮೇಲೆ ಒಳಗಿನ ಜಿಡ್ಡು ಕೆರೆಸಿ. ಸಡಿಲ ಗಾರೆ ಒಂದು ಇಂಚು ಕೆತ್ತಿ, 1 ಪಾಲು ಸಿಮೆಂಟ್, 1 ಪಾಲು ಸುಣ್ಣ, 6 ಪಾಲು ಮರಳಿನ ಗಾರೆ ತುಂಬಿ, ಒಂದು ವಾರ ನೀರುಣಿಸಿ. ಹೊರಗಿನ ಕಲೆ ಕೊನೆಗೆ ತೊಳೆದರಾಯಿತು.

ಎಚ್ಚರ: ಆಸಿಡ್ ಗಾರೆಯನ್ನು ತಿನ್ನುತ್ತೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತೆ. ಎರಡನ್ನೂ ಯಾವತ್ತೂ ಬೆರೆಸಬೇಡಿ.

ನಮ್ಮ ಜಿಲ್ಲೆಗೆ ಚಿಮಣಿ ಒಲೆ ಹೊಸದಲ್ಲ. 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದ ಕಡೆ ಅಸ್ತ್ರ ಒಲೆ ಪರಿಚಯಿಸಿತ್ತು. ಯಾವ ಒಲೆಯಾದರೂ ಸರಿ, ಚಿಮಣಿ ಸೋರದಿದ್ದರೆ ಮಾತ್ರ ಹೊಗೆ ದಾರಿ ಹಿಡಿದು ಹೋಗುತ್ತೆ.

ಈ ವಾರ ಮೊಬೈಲಲ್ಲಿ ಚಿಮಣಿಯ ನಾಲ್ಕೂ ಬದಿ ಫೋಟೊ ತೆಗೆದಿಡಿ. ಅಡಿಕೆ ಬೇಯಿಸೋ ಕೆಲಸ ಮುಗಿದ ಮೇಲೆ ಮತ್ತೆ ತೆಗೆದು ಹೋಲಿಸಿ. ಹೊಸ ಕಂದು ಗೆರೆ ಕಂಡರೆ ಬ್ರಷ್ ಆಮೇಲೆ, ಮೊದಲು ಒಲೆ ಆರಿಸಿ.