ನದಿಯ ಪಟ್ಟಣ, ಮೀನಿನ ಸರೋವರ, ಚಕ್ರದ ಮೇಲಿನ ಮನೆ: ಕೆಂಟಕಿಯಿಂದ ಒಂದು ವ್ಯಾಪಾರ ಪಾಠ

ಪ್ರವಾಸೋದ್ಯಮವೆಂದರೆ ಹೋಟೆಲ್ ಕೊಠಡಿ, ಊಟ ಹಾಗೂ ಟ್ಯಾಕ್ಸಿ ಎಂಬ ಭಾವನೆ ವ್ಯಾಪಾರ ವಲಯದಲ್ಲಿ ಬಹುಮಟ್ಟಿಗೆ ಬೇರೂರಿದೆ. ಪ್ರವಾಸಿಯು ತನ್ನ ಹಾಸಿಗೆ, ಅಡುಗೆಮನೆ ಮತ್ತು ಸ್ನಾನಗೃಹವನ್ನು ತಾನೇ ಎಳೆದು ತಂದರೆ ಸ್ಥಳೀಯ ವರ್ತಕನಿಗೆ ಉಳಿಯುವುದೇನು? ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮ ಮೂಲೆಯಲ್ಲಿರುವ ಪಡೂಕಾ ಪಟ್ಟಣ ಹಾಗೂ ಅದರ ಸಮೀಪದ ಕೆಂಟಕಿ ಸರೋವರದ ಅನುಭವವು ಈ ಪ್ರಶ್ನೆಗೆ ಉತ್ತರ ನೀಡುತ್ತದೆ. ಅದರಲ್ಲಿ ಲಾಭದ ಪಾಠವೂ ಇದೆ, ಎಚ್ಚರಿಕೆಯ ಪಾಠವೂ ಇದೆ.

ಸ್ಥಳ ಪರಿಚಯ

ಪಡೂಕಾ ಪಟ್ಟಣವು ಟೆನೆಸಿ ನದಿಯು ಓಹಾಯೋ ನದಿಯನ್ನು ಸೇರುವ ಸಂಗಮದಲ್ಲಿದೆ. 1827ರಲ್ಲಿ ವಿಲಿಯಂ ಕ್ಲಾರ್ಕ್ ಇದರ ನಿವೇಶನಗಳನ್ನು ಗುರುತಿಸಿದನು. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 27 ಸಾವಿರ. ಸರಕು ದೋಣಿಗಳ ಸಾಗಾಟವು ಹಿಂದಿನಿಂದಲೂ ಪಟ್ಟಣದ ಪ್ರಮುಖ ಕಸುಬು. 1937ರ ಮಹಾಪ್ರವಾಹದಲ್ಲಿ ಊರು ಮುಳುಗಿದ ನಂತರ ನದಿಯ ಅಂಚಿಗೆ ಪ್ರವಾಹ ತಡೆಗೋಡೆಯನ್ನು ಕಟ್ಟಲಾಯಿತು. 1996ರಿಂದ ಆ ಗೋಡೆಯ ಮೇಲೆ ಊರಿನ ಇತಿಹಾಸವನ್ನು ಚಿತ್ರಗಳಾಗಿ ಬರೆಸಲಾಗಿದ್ದು, ವಿಪತ್ತಿನ ಗುರುತೇ ಇಂದು ಪ್ರೇಕ್ಷಣೀಯ ಸ್ಥಳವಾಗಿದೆ.

ಪಟ್ಟಣದ ಮೇಲ್ಭಾಗದಲ್ಲಿ, ಸಂಗಮದಿಂದ ಸುಮಾರು 22 ಮೈಲಿ ದೂರದಲ್ಲಿ, ಟೆನೆಸಿ ಕಣಿವೆ ಪ್ರಾಧಿಕಾರವು 1938ರಿಂದ 1944ರ ಅವಧಿಯಲ್ಲಿ ಕೆಂಟಕಿ ಅಣೆಕಟ್ಟನ್ನು ನಿರ್ಮಿಸಿತು. ಪ್ರವಾಹ ನಿಯಂತ್ರಣ, ಜಲಸಾರಿಗೆ ಮತ್ತು ವಿದ್ಯುತ್ ಅದರ ಉದ್ದೇಶಗಳಾಗಿದ್ದವು. ಪರಿಣಾಮವಾಗಿ ಉಂಟಾದ ಜಲಾಶಯವು 184 ಮೈಲಿ ಉದ್ದವಿದ್ದು, ಮಿಸಿಸಿಪಿ ನದಿಯ ಪೂರ್ವಕ್ಕೆ ವಿಸ್ತೀರ್ಣದಲ್ಲಿ ಅತಿ ದೊಡ್ಡ ಮಾನವನಿರ್ಮಿತ ಸರೋವರವೆನಿಸಿದೆ. 1966ರಲ್ಲಿ ಪಕ್ಕದ ಕಂಬರ್ಲೆಂಡ್ ನದಿಗೆ ಬಾರ್ಕ್ಲಿ ಅಣೆಕಟ್ಟು ಬಂದಿತು. ಎರಡು ಸರೋವರಗಳ ನಡುವಿನ ಸುಮಾರು 1,70,000 ಎಕರೆ ಅರಣ್ಯ ಭೂಮಿಯನ್ನು 'ಲ್ಯಾಂಡ್ ಬಿಟ್ವೀನ್ ದ ಲೇಕ್ಸ್' ಎಂಬ ಹೆಸರಿನ ವಿಹಾರ ಪ್ರದೇಶವನ್ನಾಗಿ 1963ರಲ್ಲಿ ಘೋಷಿಸಲಾಯಿತು. ಇದಕ್ಕಾಗಿ ನೂರಾರು ಕುಟುಂಬಗಳು ತಮ್ಮ ಜಮೀನನ್ನು ಬಿಟ್ಟುಕೊಡಬೇಕಾಯಿತೆಂಬುದನ್ನು ಮರೆಯುವಂತಿಲ್ಲ. 1999ರಲ್ಲಿ ಈ ಪ್ರದೇಶದ ಆಡಳಿತವು ಅಲ್ಲಿನ ಅರಣ್ಯ ಸೇವೆಗೆ ವರ್ಗವಾಯಿತು.

ಗ್ರಾಹಕನು ತರುವುದೇನು, ಕೊಳ್ಳುವುದೇನು?

ರಿಕ್ರಿಯೇಷನಲ್ ವೆಹಿಕಲ್, ಸಂಕ್ಷೇಪವಾಗಿ ಆರ್.ವಿ., ಎಂದರೆ ವಾಸಕ್ಕೆ ಅನುಕೂಲವಿರುವ ವಾಹನ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ: ಸ್ವಂತ ಎಂಜಿನ್ ಇರುವ 'ಮೋಟಾರ್ ಹೋಮ್' ಹಾಗೂ ಬೇರೆ ವಾಹನದ ಹಿಂದೆ ಎಳೆದೊಯ್ಯುವ 'ಟ್ರೈಲರ್'. ಎರಡನೆಯ ಬಗೆಯೇ ಹೆಚ್ಚು ಮಾರಾಟವಾಗುತ್ತದೆ. ಹಿಲ್‌ಮನ್ ಫೆರಿ ಮತ್ತು ಪೈನಿ ಎಂಬ ಎರಡು ಶಿಬಿರತಾಣಗಳಲ್ಲಿ ತಲಾ 300ಕ್ಕೂ ಹೆಚ್ಚು ನಿಲುಗಡೆ ಸ್ಥಳಗಳಿವೆ. ರಾಜ್ಯ ಉದ್ಯಾನಗಳು, ಸೇನಾ ಎಂಜಿನಿಯರುಗಳ ವಿಭಾಗದ ತಾಣಗಳು ಮತ್ತು ಖಾಸಗಿ ತಾಣಗಳು ಇದಕ್ಕೆ ಹೊರತಾಗಿವೆ.

ನಿಲುಗಡೆ ಸ್ಥಳವೆಂದರೆ ಬರಿಯ ಬಯಲಲ್ಲ. ಸಮತಟ್ಟಾದ ಜಲ್ಲಿ ಅಥವಾ ಕಾಂಕ್ರೀಟ್ ನೆಲ, ವಿದ್ಯುತ್ ಕಂಬ, ಕುಡಿಯುವ ನೀರಿನ ನಲ್ಲಿ, ಕೆಲವೆಡೆ ಒಳಚರಂಡಿ ಜೋಡಣೆ ಇವು ಅದರ ಅಂಗಗಳು. ವಿದ್ಯುತ್ ಜೋಡಣೆಯಲ್ಲಿ ಎರಡು ಮಟ್ಟಗಳು ರೂಢಿಯಲ್ಲಿವೆ. 30 ಆಂಪಿಯರ್‌ನ ಜೋಡಣೆಯು 120 ವೋಲ್ಟ್‌ನಲ್ಲಿ 3,600 ವಾಟ್ ನೀಡಿದರೆ, ಎರಡು ಸಾಲುಗಳಿರುವ 50 ಆಂಪಿಯರ್‌ನ ಜೋಡಣೆಯು 12,000 ವಾಟ್ ನೀಡುತ್ತದೆ. ಎರಡು ಹವಾನಿಯಂತ್ರಕಗಳಿರುವ ದೊಡ್ಡ ವಾಹನದ ಮಾಲೀಕನು ಎರಡನೆಯದನ್ನೇ ಬಯಸುತ್ತಾನೆ. ಅಂದರೆ, ವಾಹನಗಳು ದೊಡ್ಡದಾದಂತೆ ಹಳೆಯ ತಾಣವು ತಂತಿ ಹಾಗೂ ಟ್ರಾನ್ಸ್‌ಫಾರ್ಮರ್ ಬದಲಿಸಲೇಬೇಕು. ಇಲ್ಲವಾದರೆ ಗ್ರಾಹಕನು ಮುಂದಿನ ತಾಣಕ್ಕೆ ಹೋಗುತ್ತಾನೆ. ಒಳಚರಂಡಿ ಇಲ್ಲದ ತಾಣಗಳಲ್ಲಿ ಶೌಚದ ತೊಟ್ಟಿ ಹಾಗೂ ಬಚ್ಚಲ ನೀರಿನ ತೊಟ್ಟಿಗಳನ್ನು ಹೊರಡುವ ಮುನ್ನ ಸಾಮಾನ್ಯ ವಿಸರ್ಜನಾ ಕೇಂದ್ರದಲ್ಲಿ ಬರಿದು ಮಾಡಬೇಕು. ಸರೋವರದ ಶುದ್ಧಿಯೇ ಬಂಡವಾಳವಾಗಿರುವೆಡೆ ಈ ವ್ಯವಸ್ಥೆಯಲ್ಲಿ ರಾಜಿ ಸಲ್ಲದು.

ಹೀಗೆ ಹಾಸಿಗೆಯನ್ನು ತಾನೇ ತಂದ ಪ್ರವಾಸಿಯು ಮಿಕ್ಕೆಲ್ಲವನ್ನೂ ಸ್ಥಳದಲ್ಲಿಯೇ ಕೊಳ್ಳುತ್ತಾನೆ: ಇಂಧನ, ಅಡುಗೆ ಅನಿಲ, ಮಂಜುಗಡ್ಡೆ, ಸೌದೆ, ದಿನಸಿ, ಜೀವಂತ ಎರೆ, ಗಾಳ, ದೋಣಿ ಬಾಡಿಗೆ, ನೀರಿನ ಕೊಳವೆ, ಟೈರು, ಬ್ಯಾಟರಿ ಮತ್ತು ದುರಸ್ತಿ. ಕೊಠಡಿಯ ಬಾಡಿಗೆ ಒಬ್ಬ ಹೋಟೆಲ್ ಮಾಲೀಕನ ಗಲ್ಲಾಪೆಟ್ಟಿಗೆಗೆ ಸೇರಿದರೆ, ಈ ಹಣವು ಹತ್ತಾರು ಸಣ್ಣ ಅಂಗಡಿಗಳಿಗೆ ಹಂಚಿಹೋಗುತ್ತದೆ.

ಬಾಗಿಲಿನ ಹೊರಗಿನ ವ್ಯಾಪಾರ

ಈ ವಿಹಾರ ಪ್ರದೇಶದ ಒಂದು ವಿಶೇಷವನ್ನು ವರ್ತಕರು ಅವಶ್ಯವಾಗಿ ಗಮನಿಸಬೇಕು. ಅದರೊಳಗೆ ಹೋಟೆಲು, ಪೆಟ್ರೋಲ್ ಬಂಕು, ಮಾರುಕಟ್ಟೆಗಳಿಗೆ ಆಸ್ಪದ ನೀಡದಿರುವುದು ಆರಂಭದಿಂದ ಬಂದ ನೀತಿ. ವ್ಯಾಪಾರವು ಸುತ್ತಲಿನ ಊರುಗಳಲ್ಲಿ ನಡೆಯಬೇಕೆಂಬುದು ಅದರ ಆಶಯ. ಆದ್ದರಿಂದಲೇ ಗ್ರ್ಯಾಂಡ್ ರಿವರ್ಸ್, ಅರೋರಾ, ಕ್ಯಾಡಿಜ್ ಮುಂತಾದ ಹೆಬ್ಬಾಗಿಲಿನ ಊರುಗಳಲ್ಲಿ ಅಂಗಡಿಗಳು ಬೆಳೆದವು. 1990ರ ದಶಕದಲ್ಲಿ ಒಳಭಾಗವನ್ನೇ ವಾಣಿಜ್ಯೀಕರಿಸುವ ಪ್ರಸ್ತಾಪಗಳು ಬಂದಾಗ ಸ್ಥಳೀಯರಿಂದಲೇ ತೀವ್ರ ವಿರೋಧ ವ್ಯಕ್ತವಾಯಿತು. ಕಾಡು ಕಾಡಾಗಿ ಉಳಿದರೆ ಮಾತ್ರ ಬಾಗಿಲಿನ ಅಂಗಡಿಗೆ ಗಿರಾಕಿ ಉಂಟೆಂಬುದು ಈ ವ್ಯವಸ್ಥೆಯ ತಿರುಳು.

ಋತುಮಾನದ ಲೆಕ್ಕ

ಸರೋವರದ ನೀರಿನ ಮಟ್ಟವನ್ನು ಬೇಸಿಗೆಯಲ್ಲಿ ಸಮುದ್ರಮಟ್ಟದಿಂದ 359 ಅಡಿಗೂ, ಪ್ರವಾಹಕ್ಕೆ ಸ್ಥಳ ಬಿಡಲು ಚಳಿಗಾಲದಲ್ಲಿ 354 ಅಡಿಗೂ ನಿಲ್ಲಿಸುವ ಕ್ರಮವಿದೆ. ಕ್ರ್ಯಾಪಿ ಮೀನಿನ ಬೇಟೆಗಾರರು ವಸಂತದಲ್ಲಿ ಬರುತ್ತಾರೆ. ಮಕ್ಕಳಿರುವ ಕುಟುಂಬಗಳು ಶಾಲಾ ರಜೆಯಲ್ಲಿ ಬರುತ್ತವೆ. ಎಲೆಗಳ ಬಣ್ಣ ನೋಡಲು ನಿವೃತ್ತರು ಅಕ್ಟೋಬರಿನಲ್ಲಿ ಬರುತ್ತಾರೆ. ಹೂಡಿಕೆಗೆ ಮುನ್ನ ಇದರ ಲೆಕ್ಕ ಹಾಕುವುದು ಅಗತ್ಯ.

ಉದಾಹರಣೆಗೆ, 60 ನಿಲುಗಡೆಗಳಿರುವ ಒಂದು ಕಾಲ್ಪನಿಕ ತಾಣವು ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ತೆರೆದಿರುತ್ತದೆ ಎಂದಿಟ್ಟುಕೊಳ್ಳೋಣ. 214 ರಾತ್ರಿಗಳಿಗೆ ಒಟ್ಟು 12,840 ನಿಲುಗಡೆ-ರಾತ್ರಿಗಳು ಮಾರಾಟಕ್ಕೆ ದೊರೆಯುತ್ತವೆ. ಶುಕ್ರವಾರ ಮತ್ತು ಶನಿವಾರದ ಸುಮಾರು 61 ರಾತ್ರಿಗಳು ಪೂರ್ತಿ ತುಂಬಿದರೂ ಮಾರಾಟವಾಗುವುದು 3,660 ಮಾತ್ರ, ಅಂದರೆ ಶೇ. 29ಕ್ಕಿಂತ ಕಡಿಮೆ. ವಾರಾಂತ್ಯದಲ್ಲಿ 'ಜಾಗವಿಲ್ಲ' ಎಂಬ ಫಲಕ ನೇತುಹಾಕಿದ ಮಾಲೀಕನು ವರ್ಷಾಂತ್ಯದಲ್ಲಿ ನಷ್ಟ ಕಾಣುವುದು ಈ ಕಾರಣದಿಂದಲೇ. ಲಾಭವಿರುವುದು ಸೋಮವಾರದಿಂದ ಗುರುವಾರದವರೆಗಿನ ಗ್ರಾಹಕನಲ್ಲಿ, ಮುಖ್ಯವಾಗಿ ನಿವೃತ್ತರಲ್ಲಿ. ಸೇನಾ ಎಂಜಿನಿಯರುಗಳ ತಾಣಗಳಲ್ಲಿ 62 ವರ್ಷ ದಾಟಿದ, ಹಿರಿಯರ ಪಾಸ್ ಹೊಂದಿದ ನಾಗರಿಕರಿಗೆ ಅರ್ಧ ದರದ ರಿಯಾಯಿತಿ ಇದೆ. ಸರ್ಕಾರಿ ತಾಣದ ಈ ದರದೊಡನೆ ಪೈಪೋಟಿ ನಡೆಸಬೇಕಾದ ಖಾಸಗಿ ಮಾಲೀಕನು ದರದಿಂದಲ್ಲ, ಸೌಲಭ್ಯದಿಂದ ಮಾತ್ರ ಗೆಲ್ಲಬಲ್ಲ.

ಪಡೂಕಾ ಪಟ್ಟಣವು ಖಾಲಿ ದಿನಗಳನ್ನು ತುಂಬಲು ಕಂಡುಕೊಂಡ ಮಾರ್ಗವೂ ಬೋಧಪ್ರದವಾಗಿದೆ. 1985ರಿಂದ ಅಲ್ಲಿ ಕೌದಿ ಕಲೆಯ ಪ್ರದರ್ಶನ ನಡೆದುಬಂದಿದೆ. 1991ರಲ್ಲಿ ಕೌದಿಗಳ ವಸ್ತುಸಂಗ್ರಹಾಲಯ ತೆರೆಯಿತು. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಪಡೂಕಾವನ್ನು ಕರಕುಶಲ ಹಾಗೂ ಜನಪದ ಕಲೆಯ ಸೃಜನಶೀಲ ನಗರವೆಂದು ಗುರುತಿಸಿತು. ವಸಂತದ ಪ್ರದರ್ಶನಕ್ಕೆ ಬರುವ ಹತ್ತಾರು ಸಾವಿರ ಮಂದಿಗೆ ಈ ಗಾತ್ರದ ಪಟ್ಟಣದ ಹೋಟೆಲ್ ಕೊಠಡಿಗಳು ಸಾಲುವುದು ಕಷ್ಟ. ಚಕ್ರದ ಮೇಲಿನ ಮನೆಯು ಆ ಕೊರತೆಯನ್ನು, ವರ್ಷಕ್ಕೊಂದು ವಾರಕ್ಕಾಗಿ ಕಟ್ಟಡ ಕಟ್ಟುವ ವೆಚ್ಚವಿಲ್ಲದೆ, ನೀಗಿಸಲು ನೆರವಾಗುತ್ತದೆ.

ತಯಾರಕರ ಊರು: ಎಲ್ಕಾರ್ಟ್

ಈ ವಾಹನಗಳು ಎಲ್ಲಿಂದ ಬರುತ್ತವೆ ಎಂಬುದು ಸಣ್ಣ ಕೈಗಾರಿಕೆಯವರಿಗೆ ಆಸಕ್ತಿಯ ವಿಷಯ. ಅಮೆರಿಕದ ಆರ್.ವಿ.ಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣ ಹಾಗೂ ಅದರ ಸುತ್ತಮುತ್ತ ತಯಾರಾಗುತ್ತವೆ. ಚೌಕಟ್ಟು, ಕಿಟಕಿ, ಪ್ಲೈವುಡ್ ಹಲಗೆ, ಪೀಠೋಪಕರಣ, ತೊಟ್ಟಿ, ಅಚ್ಚು ಇತ್ಯಾದಿಗಳ ಪೂರೈಕೆದಾರರು ಅಕ್ಕಪಕ್ಕದಲ್ಲೇ ಇರುವುದು ಈ ಕೇಂದ್ರೀಕರಣದ ಮುಖ್ಯ ಕಾರಣ. ಕಾರು ಕಾರ್ಖಾನೆಯಂತೆ ಯಂತ್ರಮಾನವರಿಂದಲ್ಲದೆ ಬಡಗಿ, ವಿದ್ಯುತ್ ಕೆಲಸಗಾರ ಮತ್ತು ಕೊಳಾಯಿ ಕೆಲಸಗಾರರ ಕೈಯಿಂದ ಇಲ್ಲಿನ ಜೋಡಣೆ ಬಹುಮಟ್ಟಿಗೆ ನಡೆಯುತ್ತದೆ.

ಆದರೆ ಒಂದೇ ಸರಕನ್ನು ನಂಬಿದ ಊರಿನ ಅಪಾಯವೂ ಇಲ್ಲಿ ಸ್ಪಷ್ಟವಾಗಿದೆ. ತಯಾರಕರು ಮಾರಾಟಗಾರರಿಗೆ ರವಾನಿಸಿದ ವಾಹನಗಳ ಸಂಖ್ಯೆ 2006ರಲ್ಲಿ ಸುಮಾರು 3.9 ಲಕ್ಷವಿದ್ದುದು 2009ರಲ್ಲಿ 1.66 ಲಕ್ಷಕ್ಕೆ ಕುಸಿಯಿತು. ಆ ವರ್ಷ ಎಲ್ಕಾರ್ಟ್ ಪ್ರದೇಶದ ನಿರುದ್ಯೋಗವು ಶೇ. 20ರ ಸಮೀಪಕ್ಕೆ ಏರಿತು. ಸಾಂಕ್ರಾಮಿಕದ ನಂತರ, 2021ರಲ್ಲಿ, ರವಾನೆಯು 6 ಲಕ್ಷವನ್ನು ಮುಟ್ಟಿ ದಾಖಲೆ ನಿರ್ಮಿಸಿತು. 2023ರಲ್ಲಿ ಮತ್ತೆ 3.13 ಲಕ್ಷಕ್ಕೆ ಇಳಿಯಿತು. ಬಡ್ಡಿ ದರ ಹಾಗೂ ಇಂಧನ ದರ ಏರಿದಾಗ ಗ್ರಾಹಕನು ಮುಂದೂಡುವ ಮೊದಲ ಖರೀದಿಗಳಲ್ಲಿ ಇದೂ ಒಂದು. ಆದರೆ ಹೊಸ ವಾಹನ ಮಾರಾಟವಾಗದ ವರ್ಷದಲ್ಲಿಯೂ ಹಳೆಯ ವಾಹನಗಳು ರಸ್ತೆಯಲ್ಲಿರುತ್ತವೆ. ಬಿಡಿಭಾಗ ಮತ್ತು ದುರಸ್ತಿಯ ವ್ಯಾಪಾರವು ತಯಾರಿಕೆಯಷ್ಟು ಏರಿಳಿತ ಕಾಣುವುದಿಲ್ಲ.

ಬಂಡವಾಳಕ್ಕೆ ಬಿದ್ದ ಪೆಟ್ಟು: ಬೆಳ್ಳಿ ಗೆಂಡೆ

ಈ ಅಧ್ಯಯನದ ಅತಿ ಮುಖ್ಯ ಭಾಗವು ಮೀನಿಗೇ ಸಂಬಂಧಿಸಿದ್ದು. ಕರ್ನಾಟಕದ ಕೆರೆಗಳಲ್ಲಿ ಕಾಟ್ಲಾ, ರೋಹು ಮೀನುಗಳ ಜೊತೆಗೆ ಸಾಕಲಾಗುವ ಬೆಳ್ಳಿ ಗೆಂಡೆಯನ್ನು 1970ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಸಾಕಣೆ ಕೊಳಗಳಿಗೆ ತರಲಾಯಿತು. ಅದು ಕೊಳಗಳಿಂದ ತಪ್ಪಿಸಿಕೊಂಡು ಮಿಸಿಸಿಪಿ ನದಿಯನ್ನು ಸೇರಿತು. ಅಲ್ಲಿಂದ ಓಹಾಯೋ ನದಿಗೂ, ಸರಕು ದೋಣಿಗಳು ಹಾಯುವ ಜಲಬಾಗಿಲುಗಳ ಮೂಲಕ ಕೆಂಟಕಿ ಮತ್ತು ಬಾರ್ಕ್ಲಿ ಸರೋವರಗಳಿಗೂ ಹರಡಿತು.

ಈ ಮೀನು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಸ್ಥಳೀಯ ಮೀನುಮರಿಗಳಿಗೂ ಅದೇ ಆಹಾರ. ಗಾಳಕ್ಕೆ ಇದು ಸಾಮಾನ್ಯವಾಗಿ ಸಿಕ್ಕುವುದಿಲ್ಲವಾದ್ದರಿಂದ ಹವ್ಯಾಸಿ ಬೇಟೆಗಾರರಿಂದ ಇದರ ಸಂಖ್ಯೆ ಕುಗ್ಗದು. ದೋಣಿಯ ಎಂಜಿನ್ ಶಬ್ದಕ್ಕೆ ಬೆದರಿ ನೀರಿನಿಂದ ಮೇಲಕ್ಕೆ ಹಾರುವ ಇದು ದೋಣಿಯಲ್ಲಿರುವವರಿಗೆ ಬಡಿದು ಗಾಯಪಡಿಸುವುದೂ ಉಂಟು. 'ಆ ಸರೋವರದಲ್ಲಿ ಈಗ ಮೀನಿಲ್ಲ' ಎಂಬ ಮಾತು ಹರಡಿದರೆ ಎರೆ ಮಾರುವವನಿಂದ ಶಿಬಿರತಾಣದ ಮಾಲೀಕನವರೆಗೆ ಎಲ್ಲರ ಆದಾಯಕ್ಕೂ ಕುತ್ತು. ಇಲ್ಲಿ ಯಾವೊಬ್ಬ ವರ್ತಕನ ತಪ್ಪೂ ಇಲ್ಲ. ಆದರೂ ನಷ್ಟ ಎಲ್ಲರದು.

ಪರಿಹಾರವು ಹಲವು ದಿಕ್ಕಿನಿಂದ ಬಂದಿದೆ. ಬಲೆಯಿಂದ ಈ ಮೀನನ್ನು ಹಿಡಿಯುವ ವೃತ್ತಿಪರರಿಗೆ ರಾಜ್ಯವು ತೂಕದ ಆಧಾರದ ಮೇಲೆ ಪ್ರೋತ್ಸಾಹಧನ ನೀಡಿತು. 2019ರಲ್ಲಿ ಬಾರ್ಕ್ಲಿ ಜಲಬಾಗಿಲಿನಲ್ಲಿ ಶಬ್ದ, ಬೆಳಕು ಮತ್ತು ಗುಳ್ಳೆಗಳ ತೆರೆಯಿಂದ ಮೀನನ್ನು ಹಿಮ್ಮೆಟ್ಟಿಸುವ ಪ್ರಯೋಗ ಆರಂಭವಾಯಿತು. ಮುಳ್ಳು ಹೆಚ್ಚೆಂದು ಅಮೆರಿಕನ್ನರು ತಿನ್ನಲೊಲ್ಲದ ಈ ಮೀನಿಗೆ 2022ರಲ್ಲಿ ಇಲಿನಾಯ್ ರಾಜ್ಯವು 'ಕೋಪಿ' ಎಂಬ ಹೊಸ ವ್ಯಾಪಾರನಾಮವನ್ನು ಪ್ರಚಾರಕ್ಕೆ ತಂದಿತು. ಪೀಡೆಯನ್ನೇ ಸರಕನ್ನಾಗಿಸುವ ಈ ಯತ್ನವು ವ್ಯಾಪಾರಿ ದೃಷ್ಟಿಯಿಂದ ಅಧ್ಯಯನಯೋಗ್ಯ.

ಪಾಠಗಳ ಸಾರಾಂಶ

ಭಾರತದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಕ್ಯಾರವಾನ್ ಪ್ರವಾಸ ಮತ್ತು ಶಿಬಿರತಾಣಗಳ ನೀತಿಯನ್ನು 2009ರಲ್ಲಿ ರೂಪಿಸಿತು. ನೆರೆಯ ಕೇರಳವು 2021ರಲ್ಲಿ ತನ್ನದೇ ನೀತಿಯನ್ನು ಪ್ರಕಟಿಸಿತು. ಬಸ್ಸಿನ ಬಾಡಿ ಕಟ್ಟುವ ಘಟಕಗಳಿರುವ ಕರ್ನಾಟಕದಲ್ಲಿ ಈ ಕ್ಷೇತ್ರಕ್ಕೆ ಕಾಲಿಡಲು ಯೋಚಿಸುವವರು ಕೆಳಗಿನ ಅಂಶಗಳನ್ನು ಮನನ ಮಾಡುವುದು ಒಳಿತು.

1. ವಾಹನಕ್ಕಿಂತ ಮೊದಲು ನಿಲುಗಡೆ. ನೀರು, ವಿದ್ಯುತ್, ವಿಸರ್ಜನಾ ವ್ಯವಸ್ಥೆ ಇಲ್ಲದೆಡೆ ಎಷ್ಟೇ ಸುಂದರವಾದ ವಾಹನವೂ ನಿರುಪಯುಕ್ತ.

2. ತುಂಬಿದ ವಾರಾಂತ್ಯವನ್ನು ನೋಡಿ ಸಾಲ ಮಾಡಬಾರದು. ಖಾಲಿ ಮಂಗಳವಾರವನ್ನು ಲೆಕ್ಕಕ್ಕೆ ಹಿಡಿದು ಸಾಲ ಮಾಡಬೇಕು.

3. ತಯಾರಕನು ಬಿಡಿಭಾಗ ಮತ್ತು ದುರಸ್ತಿಯ ವಿಭಾಗವನ್ನು ಏರುಗಾಲದಲ್ಲೇ ಕಟ್ಟಿಕೊಂಡರೆ ಇಳಿಗಾಲದಲ್ಲಿ ಕೆಲಸಗಾರರನ್ನು ಉಳಿಸಿಕೊಳ್ಳಬಲ್ಲ.

4. ಸರೋವರ, ಕಾಡು, ಮೀನು ಯಾರ ಖಾತೆಪುಸ್ತಕದಲ್ಲಿಯೂ ಕಾಣದ, ಆದರೆ ಎಲ್ಲರ ವ್ಯಾಪಾರವೂ ನಿಂತಿರುವ ಆಸ್ತಿ. ಅದನ್ನು ಕಾಯುವ ವೆಚ್ಚವನ್ನು ವರ್ತಕರ ಸಂಘಗಳು ವ್ಯಾಪಾರದ ವೆಚ್ಚವೆಂದೇ ಪರಿಗಣಿಸತಕ್ಕದ್ದು.

ಅಭ್ಯಾಸಕ್ಕೆ: ಓದುಗರು ತಮ್ಮ ಊರಿನ ಸಮೀಪದ ಒಂದು ಜಲಾಶಯವನ್ನು ಆರಿಸಿಕೊಂಡು, ಅಲ್ಲಿಗೆ ಒಂದು ಕುಟುಂಬವು ಮೂರು ದಿನ ತಂಗಲು ಬಂದರೆ ಏನೇನು ಕೊಳ್ಳುವುದು, ಅವುಗಳಲ್ಲಿ ಎಷ್ಟು ವಸ್ತುಗಳು ಸ್ಥಳೀಯವಾಗಿ ದೊರೆಯುತ್ತವೆ ಹಾಗೂ ವರ್ಷದ ಯಾವ ತಿಂಗಳುಗಳಲ್ಲಿ ಯಾರೂ ಬರುವುದಿಲ್ಲ ಎಂಬ ಮೂರು ಪಟ್ಟಿಗಳನ್ನು ಸಿದ್ಧಪಡಿಸಬಹುದು. ಮೊದಲನೆಯ ಪಟ್ಟಿಗೂ ಎರಡನೆಯದಕ್ಕೂ ಇರುವ ಅಂತರವೇ ಅವಕಾಶ; ಮೂರನೆಯ ಪಟ್ಟಿಯೇ ಎಚ್ಚರಿಕೆ.