ಕಣದ ಅತಿಥಿಗಳು

ಹಳಗನ್ನಡದಲ್ಲಿ ‘ಕೆಯ್’ ಎಂದರೆ ಹಸ್ತ. ‘ಕೆಯ್’ ಎಂದರೆ ಮಾಡು. ‘ಕೆಯ್’ ಎಂದರೆ ಹೊಲಗದ್ದೆ. ವೈಯಾಕರಣರು ಇವನ್ನು ಬೇರೆ ಬೇರೆ ಶಬ್ದಗಳೆಂದೇ ಎಣಿಸಲಿ. ಕಿವಿಗೆ ಮಾತ್ರ ಅವು ಒಂದೇ. ಕವಿಯು ಕಾವ್ಯರಚನೆಗೆಯ್ದನೆಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಶಾಲೆಯ ಬೇಲಿಯಾಚೆ ಮಳವಳ್ಳಿಯ ರೈತನು ‘ಹೊಲ ಗೇಯಬೇಕು’ ಎನ್ನುತ್ತಾನೆ. ಕ್ರಿಯಾಪದವೊಂದೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಚಿತ್ರಕಾರರು, ಗಾಯಕರು, ಲೇಖಕರು ಬೇಸಾಯ ನಡೆಯುತ್ತಿರುವ ತೋಟಗಳಲ್ಲಿ ಕೆಲವು ವಾರ ತಂಗಿ ತಮ್ಮ ಕಲಾಭ್ಯಾಸವನ್ನು ನಡೆಸುವ ಪದ್ಧತಿ ಈಚೆಗೆ ಹಲವು ದೇಶಗಳಲ್ಲಿ ಬೆಳೆದಿದೆ. ಅವುಗಳಲ್ಲಿ ಕೆಲವು, ಬಳಲಿದ ಮಣ್ಣಿಗೆ ಸತ್ತ್ವವನ್ನು ಮರಳಿ ತುಂಬುವ ಬೇಸಾಯದ ತೋಟಗಳು. ಉಳುಮೆ ಕಡಿಮೆ, ನೆಲಕ್ಕೆ ಸದಾ ಸೊಪ್ಪುಸದೆಯ ಹೊದಿಕೆ, ಹಲವು ಬೆಳೆ, ದನದ ಗೊಬ್ಬರ. ನಮ್ಮ ರಾಜ್ಯದಲ್ಲಿ ಇದಕ್ಕೆ ಸಮೀಪವಾದುದು ಹೆಸರಘಟ್ಟದ ನೃತ್ಯಗ್ರಾಮ. ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿಯವರು 1990ರಲ್ಲಿ ಅದನ್ನು ಸ್ಥಾಪಿಸಿದರು. ಶಿಷ್ಯರು ಅಲ್ಲಿಯೇ ವಾಸಿಸಿ ನೃತ್ಯಾಭ್ಯಾಸದೊಡನೆ ತೋಟದ ಕೆಲಸವನ್ನೂ ಕಲಿತರು. ಆದರೆ ಅಲ್ಲಿ ಕಲೆ ಮೊದಲು, ತೋಟ ಆಮೇಲೆ.

ಇದೆಲ್ಲವೂ ಹೊಸದೆಂದು ಹೇಳುವವರುಂಟು. ನನಗೆ ಹಾಗೆ ತೋರದು. ನಾನು ಬಾಲಕನಾಗಿದ್ದಾಗ ನಮ್ಮ ಕಣದಲ್ಲಿ ಇದನ್ನು ಕಂಡಿದ್ದೇನೆ.

ಸುಗ್ಗಿ ಬಂದಿತೆಂದರೆ ನೀಲಗಾರರು ಬರುತ್ತಿದ್ದರು. ಮಂಟೇಸ್ವಾಮಿಯ ಒಕ್ಕಲಾಗಿ ದೀಕ್ಷೆ ಪಡೆದ ಗಾಯಕರು ಇವರು. ಆ ಪರಂಪರೆಯ ಗದ್ದುಗೆ ನಮ್ಮ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಹೆಗಲಲ್ಲಿ ತಂಬೂರಿ, ಜೊತೆಗೆ ಡಕ್ಕೆ, ಗಗ್ಗರ, ತಾಳ. ಒಮ್ಮೆ ಹಿರಿಯ ನೀಲಗಾರನೊಬ್ಬನು ಬಂದಾಗ ರಾಗಿಯ ರಾಶಿಯನ್ನು ಅಳೆಯುತ್ತಿದ್ದರು. ರಾಶಿ ಅಳೆಯುವಾಗ ಕಣದಲ್ಲಿ ಮಾತಿಲ್ಲ. ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನಬೇಕು. ಆತನು ತಂತಿಗೆ ಬೆರಳಿಡಲು ಹೋದಾಗ ತಾತನವರು ಮೆಲ್ಲಗೆ, “ತಂಬೂರಿ ಕೆಳಗಿಡಪ್ಪ, ರಾಶಿ ಅಳೀಲಿ” ಎಂದರು. ಆತನು ಬೇಸರಿಸಲಿಲ್ಲ. ತಂಬೂರಿಯನ್ನು ಹುಲ್ಲಿನ ಮೇಲಿಟ್ಟು, ಚೀಲದ ಬಾಯಿ ಹಿಡಿದು ನಿಂತನು. ಕತ್ತಲಾದ ಮೇಲೆ ಆರಂಭವಾದ ಹಾಡು ನಸುಕಿನವರೆಗೂ ನಡೆಯಿತು. ಸಿದ್ದಪ್ಪಾಜಿಯು ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋದ ಕಥೆ ಅಂದು ಬಂದಿತು. ಹಲಗೂರು ನಮ್ಮ ತಾಲ್ಲೂಕಿನದೇ. ಕಾವ್ಯದೊಳಗಿನ ಊರೂ ಕೇಳುವವನ ಊರೂ ಹೀಗೆ ನೆರೆಹೊರೆಯಾಗಿದ್ದವು. ಬೆಳಗ್ಗೆ ಆತನಿಗೆ ಮೊರದ ತುಂಬ ರಾಗಿ ಸಂದಿತು. ಅದನ್ನು ದಾನವೆಂದು ಯಾರೂ ಕರೆಯಲಿಲ್ಲ.

ಕಲಾವಿದನು ಹೊಲದಲ್ಲಿ ತಂಗುವುದೆಂದರೆ ಇದು. ಹಾಡಿನ ವೇಳೆಯನ್ನು ಕಣ ಗೊತ್ತುಮಾಡಿತ್ತು.

ಈಗ ಆ ಕಣವೆಲ್ಲಿ? 1930ರ ದಶಕದಲ್ಲಿ ಕನ್ನಂಬಾಡಿಯ ನಾಲೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಂದಿನಿಂದ ಕಬ್ಬು ಹಬ್ಬಿತು. ನಾಡು ಉಂಡು ಉಟ್ಟಿತು, ಅದನ್ನು ಹಳಿಯಲಾರೆ. ಆದರೆ ಕಬ್ಬಿಗೆ ಕಣ ಬೇಡ. ಅದು ಗದ್ದೆಯಿಂದ ನೇರವಾಗಿ ಆಲೆಮನೆಗೋ ಕಾರ್ಖಾನೆಗೋ ಹೋಗುತ್ತದೆ. ಭತ್ತವನ್ನು ಕಟಾವು ಯಂತ್ರವು ಗದ್ದೆಯಲ್ಲೇ ಒಕ್ಕಿ ಕೊಡುತ್ತದೆ. ರಾಗಿ ಹುರುಳಿಗಳನ್ನು ರಸ್ತೆಗೆ ಹರಡಿ ವಾಹನಗಳ ಚಕ್ರಕ್ಕೆ ಒಪ್ಪಿಸುತ್ತೇವೆ. (ದ್ವಿಚಕ್ರ ಸವಾರರು ಜಾರಿ ಬೀಳುವುದು ಬೇರೆ.) ನೀಲಗಾರನಿಗೆ ಇಂದು ವೇದಿಕೆಯಿದೆ, ಧ್ವನಿವರ್ಧಕವಿದೆ, ಶಾಲು ಹಾರಗಳಿವೆ, ಆದರೆ ಇಡೀ ರಾತ್ರಿಯ ಕಾವ್ಯಕ್ಕೆ ಅಲ್ಲಿ ದೊರೆಯುವುದು ಹತ್ತು ನಿಮಿಷ.

ಹೀಗಿರುವಲ್ಲಿ ಕಿರುಗಾವಲಿನ ಸೈಯದ್ ಘನಿ ಖಾನ್ ಅವರ ಗದ್ದೆಗಳು ನೆನಪಾಗುತ್ತವೆ. ಅದೂ ಮಳವಳ್ಳಿ ತಾಲ್ಲೂಕೇ. ವಸ್ತುಸಂಗ್ರಹಾಲಯ ಶಾಸ್ತ್ರವನ್ನು ಓದಿದ ಇವರು ಮನೆತನದ ಬೇಸಾಯಕ್ಕೆ ಮರಳಿ, ನೂರಾರು ನಾಟಿ ಭತ್ತದ ತಳಿಗಳನ್ನು ಕಾಪಾಡಿದ್ದಾರೆ. ‘ಬಡಾ ಬಾಗ್’ ಎಂಬ ಅವರ ಹಳೆಯ ತೋಪಿನಲ್ಲಿ ನೂರಕ್ಕೂ ಮಿಕ್ಕು ಬಗೆಯ ಮಾವುಗಳಿವೆ. ಸಂಗ್ರಹಾಲಯದ ವಿಗ್ರಹವನ್ನು ಗಾಜಿನೊಳಗಿಟ್ಟು ಬೀಗ ಹಾಕಬಹುದು. ಬೀಜವನ್ನು ಹಾಗಿಡಲಾಗದು, ಬಿತ್ತದೆ ಇಟ್ಟರೆ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಒಂದೊಂದು ತಳಿಯನ್ನೂ ಬೇರೆ ಬೇರೆ ಮಡಿಯಲ್ಲಿ ಬಿತ್ತಿ, ಬೆರೆಯದಂತೆ ಕಾದು, ಪ್ರತ್ಯೇಕವಾಗಿ ಕುಯ್ದು ಒಣಗಿಸಿ ಹೆಸರು ಬರೆದಿಡಬೇಕು. ಹಾಡು ಉಳಿಯುವುದೂ ಇದೇ ಕ್ರಮದಿಂದ.

ಇಂತಹ ಗದ್ದೆಯ ಬಳಿ ಚಿತ್ರಕಾರನೊಬ್ಬನು ನಾಟಿಯಿಂದ ಕುಯಿಲಿನವರೆಗೆ ತಂಗಿದರೆ ಏನಾದೀತು? ತೆನೆಗಳ ಬಣ್ಣವೇ ಅವನಿಗೆ ಶಾಸ್ತ್ರ: ಹೊಂಬಣ್ಣ, ಕಪ್ಪು, ಕೆಂಪು, ಮೀಸೆಯುಳ್ಳದ್ದು, ಇಲ್ಲದ್ದು. ಆದರೆ ಎರಡು ದಿನ ಬದುವಿನ ಮೇಲೆ ನಿಂತು ಛಾಯಾಚಿತ್ರ ತೆಗೆದುಕೊಂಡು ಹೋಗುವ ಅತಿಥಿಯಿಂದ ರೈತನಿಗೆ ಅಡುಗೆಯ ಖರ್ಚಷ್ಟೇ ಮಿಗುತ್ತದೆ. ಚೀಲದ ಬಾಯಿ ಹಿಡಿಯಬಲ್ಲವನು ಬರಲಿ.

ಕಲಾವಿದರನ್ನು ಕುರಿತು ಹೀಗೆ ಬರೆಯುವಾಗ ನನ್ನ ಲೋಪವನ್ನೂ ಒಪ್ಪಬೇಕು. ಹಳಗನ್ನಡ ಕಾವ್ಯಗಳ ನಾಡ ವರ್ಣನೆಯಲ್ಲಿ ಕಳವೆಯ ಗದ್ದೆಗಳು ಬರುತ್ತವೆ, ಗಂಧಶಾಲಿ ಬರುತ್ತದೆ. ‘ಕಳವೆ: ಒಂದು ಬಗೆಯ ಭತ್ತ’ ಎಂದು ಕಪ್ಪು ಹಲಗೆಯ ಮೇಲೆ ಬರೆದು ಎಷ್ಟೋ ವರ್ಷ ಮುಂದಿನ ಪದ್ಯಕ್ಕೆ ಹೋದೆನು. ರೈತರ ಮಕ್ಕಳು ಅದನ್ನು ಹಾಗೆಯೇ ಬರೆದುಕೊಂಡರು. ಗಂಧಸಾಲೆ ಎಂಬ ಸುವಾಸನೆಯ ಭತ್ತ ಮಲೆನಾಡಿನಲ್ಲಿ ಇಂದಿಗೂ ಇದೆಯೆಂಬುದು ನನಗೆ ತಿಳಿದದ್ದು ನಿಘಂಟಿನಿಂದಲ್ಲ, ಒಬ್ಬ ಬೇಸಾಯಗಾರನಿಂದ. ಬರುವ ಮಾರ್ಗಶಿರದಲ್ಲಿ ಹತ್ತನೆಯ ತರಗತಿಯ ಬಾಲಕರನ್ನು ಕಿರುಗಾವಲಿಗೆ ಕರೆದೊಯ್ಯಬೇಕೆಂದಿದ್ದೇನೆ. ಪುಸ್ತಕ ಬೇಡ, ಒಂದೊಂದು ಕುಡುಗೋಲು ತಂದರೆ ಸಾಕು.