ಮೂತ್ರಪಿಂಡದ ಕಸಿ: ಸದ್ಭಕ್ತರು ಅರಿಯಬೇಕಾದ ಸಂಗತಿಗಳು

ಗುಬ್ಬಿ, ಕುಣಿಗಲ್ ಕಡೆಯ ರೋಗಿಗಳು ತುಮಕೂರಿನ ನಮ್ಮ ಚಿಕಿತ್ಸಾಲಯಕ್ಕೆ ಬಂದು, "ಕಸಿ ತಪ್ಪಿಸುವ ಕಷಾಯವಿದ್ದರೆ ಕೊಡಿ" ಎಂದು ಕೇಳುವುದುಂಟು. ಎರಡೂ ಮೂತ್ರಪಿಂಡಗಳು ಪೂರ್ತಿ ಸೋತ ಮೇಲೆ ಅವನ್ನು ಮರಳಿ ಎಬ್ಬಿಸುವ ಮೂಲಿಕೆ ನಮ್ಮಲ್ಲಿಲ್ಲ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಹಿಂದೆ ಮನೆಯವರ ರಕ್ತದ ಗುಂಪು ಹೊಂದದಿದ್ದರೆ ಕಸಿಯ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಈಗ ಹಾಗಿಲ್ಲ. ಒಂದು ಮನೆಯ ಪತ್ನಿಯ ಮೂತ್ರಪಿಂಡ ಮತ್ತೊಂದು ಮನೆಯ ರೋಗಿಗೂ, ಆ ಮನೆಯವರದು ಈಕೆಯ ಪತಿಗೂ ಹೊಂದಿದರೆ ವಿನಿಮಯ ಮಾಡಿಕೊಳ್ಳಬಹುದು. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಾದ ತಿದ್ದುಪಡಿಯು ಇದಕ್ಕೆ ಅವಕಾಶವಿತ್ತಿದೆ. ರಕ್ತದಲ್ಲಿನ ಪ್ರತಿಕಾಯಗಳನ್ನು ಮೊದಲೇ ಸೋಸಿ ತೆಗೆದು, ಹೊಂದದ ಗುಂಪಿನವರ ಮೂತ್ರಪಿಂಡವನ್ನೇ ಜೋಡಿಸುವ ಕ್ರಮವೂ ಬಂದಿದೆ. ಮೃತರ ಅಂಗಕ್ಕಾಗಿ ಕಾಯುವವರ ಹೆಸರು ಆಸ್ಪತ್ರೆಯ ಮೂಲಕ 'ಜೀವಸಾರ್ಥಕತೆ'ಯಲ್ಲಿ ನೋಂದಣಿಯಾಗುತ್ತದೆ.

ಕಾಯುವ ದಿನಗಳಲ್ಲಿ ಎಳನೀರಿನ ಬಗ್ಗೆ ಎಚ್ಚರವಿರಲಿ. ತೆಂಗಿನ ಸೀಮೆಯವರಾದ ನಮಗೆ ಅದು ತಂಪು, ಮೂತ್ರಕ್ಕೆ ಹಿತ. ಆದರೆ ಡಯಾಲಿಸಿಸ್ ರೋಗಿಯ ದೇಹದಲ್ಲಿ ಅದರ ಪೊಟ್ಯಾಸಿಯಂ ಹೊರಹೋಗದೆ ಉಳಿದು, ಹೃದಯವನ್ನೇ ನಿಲ್ಲಿಸಬಲ್ಲದು.

ಕಸಿಯಾದವರಿಗೂ ಒಂದು ಮಾತು. ದೇಹವು ಪರರ ಅಂಗವನ್ನು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಕೊಟ್ಟಿರುತ್ತಾರೆ. ಅವನ್ನು ಒಂದು ದಿನವೂ ತಪ್ಪಿಸಬಾರದು. ಆ ಶಕ್ತಿಯನ್ನು ಕೆರಳಿಸಬಹುದಾದ ಅಮೃತಬಳ್ಳಿ, ಅಶ್ವಗಂಧಗಳು ನಾವು ಇತರರಿಗೆ ಪ್ರೀತಿಯಿಂದ ಬರೆದುಕೊಡುವ ಮದ್ದುಗಳೇ ಆದರೂ ಇವರಿಗೆ ಸಲ್ಲವು. ನೆಗಡಿಗಾಗಿ ನಮ್ಮಲ್ಲಿಗೆ ಬಂದರೂ ಕಸಿಯ ಚೀಟಿಯನ್ನು ಮೊದಲು ತೋರಿಸಿರಿ.